ಐಫೋನ್–ಆಂಡ್ರಾಯ್ಡ್ ನಡುವೆ ಮೆಸೇಜ್: ಫೋಟೊ ಮಸುಕು, ಕನ್ನಡ ತುಂಡು ತುಂಡು. ಫೋನ್ ಬದಲಿಸದೆ ದಾರಿ ಇದೆಯಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಓಡಾಡುವವರದ್ದೊಂದು ಮೆಸೇಜ್ ಗುಂಪು ಇದೆ. ವಾಟ್ಸ್ಆಪ್ ಅಲ್ಲ, ಫೋನಿನ ಜೊತೆಗೇ ಬರುತ್ತಲ್ಲ, ಆ ಮಾಮೂಲಿ ಮೆಸೇಜ್. ಹೆಚ್ಚಿನವರದ್ದು ಐಫೋನ್, ನನ್ನದು ಆಂಡ್ರಾಯ್ಡ್.

ಅವರು ವೇದಿಕೆಯ ಅಲಂಕಾರದ ಫೋಟೊ ಹಾಕಿದರೆ ನನಗೆ ಬರುವುದು ಮಸುಕು ಮಸುಕು. ಬ್ಯಾನರ್ ಮೇಲೆ ಬರೆದಿರುವ ಕನ್ನಡ ಓದಲಿಕ್ಕೇ ಆಗುವುದಿಲ್ಲ. ಒತ್ತಕ್ಷರ ಸರಿ ಇದೆಯೋ ಇಲ್ಲವೋ ನೋಡಿ ಹೇಳು ಅಂತ ನನ್ನನ್ನೇ ಕೇಳುತ್ತಾರೆ, ನಾನು ಏನಂತ ಹೇಳಲಿ? ವಿಡಿಯೊ ಅಂತೂ ಕೇಳಲೇಬೇಡಿ. ಯಾರಾದರೂ ಒಂದು ಮೆಸೇಜಿಗೆ ಲೈಕ್ ಅಂತ ಹೆಬ್ಬೆರಳು ಒತ್ತಿದರೆ ಪೂರ್ತಿ ವಾಕ್ಯವೇ ಇನ್ನೊಂದು ಸಲ ಬಂದು ಕೂರುತ್ತದೆ. ಗುಂಪಿನಾಚೆ, ಒಬ್ಬೊಬ್ಬರೇ ಕನ್ನಡದಲ್ಲಿ ಕಳಿಸಿದ್ದು ಎರಡು ಮೂರು ತುಂಡಾಗಿ ಬರುತ್ತದೆ. ಕೆಲವು ಸಲ ಹಿಂದಿನದು ಮುಂದೆ, ಮುಂದಿನದು ಹಿಂದೆ.

ಎಲ್ಲರದ್ದೂ ಒಂದೇ ಮಾತು: ‘ನೀನೂ ಐಫೋನ್ ತಗೋ.’ ನನ್ನ ಫೋನ್ ಚೆನ್ನಾಗಿಯೇ ಇದೆ. ಇಷ್ಟಕ್ಕೆ ಸಾವಿರ ಡಾಲರ್ ಸುರಿಯಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಮೈಸೂರು

ಎಲ್ಲರನ್ನೂ ವಾಟ್ಸ್ಆಪ್‌ಗೆ ಕರೆದುಕೊಂಡು ಬನ್ನಿ ಮೇಡಂ. ಇಂಡಿಯಾದಲ್ಲಿ ಯಾರಿಗೂ ಈ ತಲೆನೋವೇ ಇಲ್ಲ. ಯಾರ ಕೈಲಿ ಯಾವ ಫೋನಿದೆ ಅಂತ ನಾವು ಕೇಳುವುದೂ ಇಲ್ಲ.

ತುಂಗಾತೀರ

ನಮ್ಮವರಷ್ಟೇ ಆಗಿದ್ದರೆ ಹಾಗೇ ಮಾಡುತ್ತಿದ್ದೆ ಸರ್. ಸಭಾಂಗಣ ನೋಡಿಕೊಳ್ಳುವವರು, ಸೌಂಡ್ ಸಿಸ್ಟಮ್‌ನವರು, ಸಹಾಯಕ್ಕೆ ಬರುವ ಹೈಸ್ಕೂಲ್ ಮಕ್ಕಳು ಎಲ್ಲ ಇಲ್ಲಿಯವರೇ. ಅವರಿಗೆ ವಾಟ್ಸ್ಆಪ್ ಹಾಕಿಕೊಳ್ಳಿ ಅಂದರೆ ‘ಸುಮ್ನೆ ಟೆಕ್ಸ್ಟ್ ಮಾಡಿ’ ಅನ್ನುತ್ತಾರೆ. ಇಲ್ಲಿ ಟೆಕ್ಸ್ಟ್ ಅಂದರೆ ಅದೇ ಮಾಮೂಲಿ ಮೆಸೇಜ್.

ಟವರ್‌ಕೆಲಸ

ನಾನು ಮೊಬೈಲ್ ಕಂಪನಿಗಳ ಮೆಸೇಜ್ ವ್ಯವಸ್ಥೆಯಲ್ಲೇ ಕೆಲಸ ಮಾಡುವವನು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ನಿಮಗೆ ಒಂದೇ ಆಪ್ ಕಾಣುತ್ತದೆ. ಒಳಗೆ ಮೆಸೇಜ್ ಹೋಗುವ ದಾರಿ ನಾಲ್ಕಿವೆ. ಎಸ್‌ಎಂಎಸ್, ಎಂಎಂಎಸ್, ಐಮೆಸೇಜ್, ಆರ್‌ಸಿಎಸ್. ನಿಮ್ಮ ಒಂದೊಂದು ತೊಂದರೆಗೂ ದಾರಿ ಬೇರೆ ಬೇರೆ. ಎಲ್ಲವನ್ನೂ ಒಂದೇ ರೋಗ ಅಂದುಕೊಂಡರೆ ಮದ್ದು ಸಿಗುವುದಿಲ್ಲ.

ಎಸ್‌ಎಂಎಸ್ ಎಲ್ಲಕ್ಕಿಂತ ಹಳೆಯದು. ಮೊದಲ ಎಸ್‌ಎಂಎಸ್ ಹೋಗಿದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ನೀಲ್ ಪ್ಯಾಪ್‌ವರ್ತ್ ಅನ್ನುವ ಎಂಜಿನಿಯರ್ ಕಂಪ್ಯೂಟರಿನಿಂದ ಕಳಿಸಿದ ಕ್ರಿಸ್‌ಮಸ್ ಶುಭಾಶಯ ಅದು. ಬರೀ ಅಕ್ಷರ ಮಾತ್ರ ಹೋಗುತ್ತದೆ, ಅದೂ ಅಳತೆ ಮಾಡಿ. ಫೋಟೊ ಇದ್ದರೆ, ಅಥವಾ ಗುಂಪಿಗೆ ಕಳಿಸಿದರೆ, ಅದು ಎಂಎಂಎಸ್ ಆಗುತ್ತದೆ. ಎಂಎಂಎಸ್‌ಗೆ ಎಷ್ಟು ದೊಡ್ಡ ಫೈಲ್ ಬಿಡಬೇಕು ಅನ್ನುವುದು ಮೊಬೈಲ್ ಕಂಪನಿ ಕೈಲಿದೆ. ಸಾಮಾನ್ಯವಾಗಿ ಒಂದು ಎಂಬಿ ಆಸುಪಾಸು, ಕೆಲವು ಕಡೆ ಅದಕ್ಕಿಂತ ಎಷ್ಟೋ ಕಡಿಮೆ. ಈಗಿನ ಫೋನಿನ ಒಂದು ಫೋಟೊನೇ ಮೂರು ನಾಲ್ಕು ಎಂಬಿ ಇರುತ್ತದೆ. ಹಾಗಾಗಿ ದಾರಿಯಲ್ಲೇ ಅದನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ನಿಮ್ಮ ಬ್ಯಾನರಿನ ಒತ್ತಕ್ಷರ ಮಾಯವಾಗುವುದು ಅಲ್ಲೇ. ತಪ್ಪು ನಿಮ್ಮ ಫೋನಿಂದಲ್ಲ, ಅವರ ಕ್ಯಾಮೆರಾದ್ದೂ ಅಲ್ಲ.

ಐಮೆಸೇಜ್ ಬಂದಿದ್ದು 2011ರ ಅಕ್ಟೋಬರ್‌ನಲ್ಲಿ, ಐಫೋನಿನ ಸಾಫ್ಟ್‌ವೇರ್ ಐಒಎಸ್ 5ರ ಜೊತೆ. ಅದು ಇಂಟರ್ನೆಟ್ ಮೇಲೆ ಹೋಗುತ್ತದೆ, ಆಪಲ್ ಸರ್ವರ್ ಮೂಲಕ, ಆಪಲ್ ಸಾಧನಗಳ ನಡುವೆ ಮಾತ್ರ. ಐಫೋನಿನಲ್ಲಿ ಕಳಿಸಿದ ಮೆಸೇಜಿನ ಗುಳ್ಳೆ ನೀಲಿ ಇದ್ದರೆ ಐಮೆಸೇಜ್, ಮಿಕ್ಕಿದ್ದೆಲ್ಲ ಹಸಿರು. ನಿಮ್ಮಂಥ ಒಬ್ಬರು ಆಂಡ್ರಾಯ್ಡ್‌ನವರು ಗುಂಪಿಗೆ ಬಂದರೆ ಐಮೆಸೇಜ್ ನಡೆಯುವುದಿಲ್ಲ. ಇಡೀ ಗುಂಪು ಎಂಎಂಎಸ್‌ಗೆ ಇಳಿಯುತ್ತದೆ. ನಿಮ್ಮ ಗೆಳತಿಯರಿಗೆ ಸಿಟ್ಟು ಬರುವುದು ಅದಕ್ಕೇ, ಅವರ ನಡುವಿನ ಫೋಟೊನೂ ಮಸುಕಾಗುತ್ತದಲ್ಲ. ಹೆಬ್ಬೆರಳು ವಾಕ್ಯವಾಗಿ ಬರುವುದಕ್ಕೂ ಕಾರಣ ಇದೇ. ಎಂಎಂಎಸ್‌ನಲ್ಲಿ ‘ಇದಕ್ಕೆ ಹೆಬ್ಬೆರಳು’ ಅಂತ ಗುರುತು ಹಾಕುವ ವ್ಯವಸ್ಥೆ ಇಲ್ಲ. ಹಾಗಾಗಿ ಐಫೋನ್ ಅದನ್ನು ಒಂದು ಹೊಸ ಮೆಸೇಜ್ ಮಾಡಿ ಕಳಿಸುತ್ತದೆ. 2022ರಿಂದ ಗೂಗಲ್‌ನ ಮೆಸೇಜಸ್ ಆಪ್ ಅಂಥ ವಾಕ್ಯ ಗುರುತಿಸಿ ಎಮೋಜಿ ಮಾಡಿ ತೋರಿಸುತ್ತದೆ. ನಿಮಗೆ ಇನ್ನೂ ವಾಕ್ಯವೇ ಬರುತ್ತಿದ್ದರೆ ನೀವು ಬೇರೆ ಆಪ್ ಬಳಸುತ್ತಿರಬಹುದು, ನೋಡಿ.

ಇನ್ನು ಆರ್‌ಸಿಎಸ್. ಎಸ್‌ಎಂಎಸ್ ಜಾಗಕ್ಕೆ ಬರಲಿ ಅಂತ ಮೊಬೈಲ್ ಕಂಪನಿಗಳೇ 2007–08ರಲ್ಲಿ ಶುರು ಮಾಡಿದ್ದು. ಬಹಳ ವರ್ಷ ಒಬ್ಬೊಬ್ಬರು ಒಂದೊಂದು ಥರ ಮಾಡಿಕೊಂಡರು, ಒಬ್ಬರದ್ದು ಇನ್ನೊಬ್ಬರಿಗೆ ಹೊಂದಲಿಲ್ಲ. 2016ರಲ್ಲಿ ಎಲ್ಲರಿಗೂ ಒಂದೇ ನಿಯಮ ಅಂತ ಯೂನಿವರ್ಸಲ್ ಪ್ರೊಫೈಲ್ ಬಂತು. ಅದಕ್ಕೆ ಹಿಂದಿನ ವರ್ಷವೇ ಗೂಗಲ್ ಜೈಬ್ ಅನ್ನುವ ಕಂಪನಿ ಕೊಂಡುಕೊಂಡು ಇದರ ಹಿಂದೆ ಬಿದ್ದಿತ್ತು. ಆಪಲ್ ಒಪ್ಪಿದ್ದು 2023ರ ನವೆಂಬರ್‌ನಲ್ಲಿ. ಐಫೋನಿಗೆ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಐಒಎಸ್ 18ರಲ್ಲಿ. ಇದರಲ್ಲಿ ಫೋಟೊ ಚೆನ್ನಾಗಿ ಹೋಗುತ್ತದೆ, ಎದುರಿನವರು ಟೈಪ್ ಮಾಡುತ್ತಿರುವುದು ಕಾಣುತ್ತದೆ, ಓದಿದರೋ ಇಲ್ಲವೋ ಗೊತ್ತಾಗುತ್ತದೆ. ಗುಳ್ಳೆ ಮಾತ್ರ ಹಸಿರೇ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಫೋನಿನಲ್ಲಿ ಗೂಗಲ್ ಮೆಸೇಜಸ್ ಹಾಕಿ, ಅದರ ಸೆಟ್ಟಿಂಗ್ಸ್‌ನಲ್ಲಿ ಆರ್‌ಸಿಎಸ್ ಚಾಟ್ ಆನ್ ಮಾಡಿ. ಐಫೋನಿನವರು ಸೆಟ್ಟಿಂಗ್ಸ್, ಆಪ್ಸ್, ಮೆಸೇಜಸ್ ಒಳಗೆ ಹೋಗಿ ಆರ್‌ಸಿಎಸ್ ಮೆಸೇಜಿಂಗ್ ಆನ್ ಮಾಡಲಿ. ಆ ಸಾಲೇ ಕಾಣದಿದ್ದರೆ ಒಂದೋ ಐಒಎಸ್ ಹಳೆಯದು, ಇಲ್ಲ ಅವರ ಮೊಬೈಲ್ ಕಂಪನಿ ಇನ್ನೂ ಬೆಂಬಲ ಕೊಟ್ಟಿಲ್ಲ. ಆಮೇಲೆ ಹಳೆಯ ಗುಂಪು ಬಿಟ್ಟು ಹೊಸ ಗುಂಪು ಮಾಡಿ ನೋಡಿ. ಗುಂಪಿನಲ್ಲಿ ಒಬ್ಬರಿಗೆ ಆರ್‌ಸಿಎಸ್ ಇಲ್ಲದಿದ್ದರೂ ಎಲ್ಲರೂ ವಾಪಸ್ ಎಂಎಂಎಸ್‌ಗೆ ಬರುತ್ತೀರಿ. ಇದು ನೆನಪಿರಲಿ.

ಬೆಳವಲ

ಟವರ್‌ಕೆಲಸ ಸರ್ ಎಲ್ಲ ಹೇಳಿದರು, ಕನ್ನಡ ತುಂಡಾಗುವುದನ್ನು ಬಿಟ್ಟರು. ಅದನ್ನು ನಾ ಹೇಳ್ತೀನಿ ನೋಡ್ರಿ. ನನಗೆ ಬಹಳ ಸಂಕಟ ಆಗುವ ವಿಷಯ ಇದು.

ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್ ಮಾತ್ರ, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಂಗಾಗಿ 160 ಅಕ್ಷರ ಹಿಡಿಸುತ್ತವೆ. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ಒಂದೇ ಒಂದು ಕನ್ನಡ ಅಕ್ಷರ ಬಂದರೂ ಪೂರ್ತಿ ಮೆಸೇಜು 16 ಬಿಟ್ ಲೆಕ್ಕಕ್ಕೆ ಹೋಗುತ್ತದೆ. ಆಗ ಉಳಿಯುವುದು 70.

70 ಅಕ್ಷರ ಸಾಲದೇನು ಅಂತೀರಿ. ನಮ್ಮ ಕಣ್ಣಿಗೆ ಒಂದು ಅಕ್ಷರ ಕಂಡರೆ ಫೋನಿನ ಲೆಕ್ಕದಲ್ಲಿ ಒಂದಲ್ಲ. ‘ಸ್ತ್ರೀ’ ತಗೊಳ್ಳಿ. ನಮಗೆ ಒಂದು. ಫೋನಿಗೆ ಸ, ವಿರಾಮ (ಒತ್ತಿಗೆ ಹಾಕುವ ಗುರುತು), ತ, ವಿರಾಮ, ರ, ಈಕಾರ ಅಂತ 6. ಈಗ ಅಕ್ಕನವರ ಗುಂಪಿಗೆ ಬೇಕಾಗುವಂಥದ್ದೇ ಒಂದು ಮೆಸೇಜು ನೋಡ್ರಿ:

‘ಸಭಾಂಗಣದ ಕೀಲಿ ನನ್ನ ಹತ್ತಿರ ಇದೆ, ಬೆಳಿಗ್ಗೆ ಎಂಟಕ್ಕೆ ಬನ್ನಿ, ಹೂವಿನ ಹಾರ ಮರೆಯಬೇಡಿ’

ಕಣ್ಣಿಗೆ ಕಾಣುವುದು 32 ಅಕ್ಷರ. ಗುಣಿತ, ಒತ್ತು, ಖಾಲಿ ಜಾಗ, ಅಲ್ಪವಿರಾಮ ಎಲ್ಲ ಸೇರಿಸಿ ಫೋನು ಎಣಿಸುವುದು 72. ಎರಡು ಜಾಸ್ತಿ ಆಯಿತು, ಅಷ್ಟಕ್ಕೇ ಎರಡು ಮೆಸೇಜು. ಎರಡಾದ ಮೇಲೆ ಜೋಡಿಸುವ ಗುರುತಿಗೂ ಜಾಗ ಬೇಕು, ಅದಕ್ಕೆ ಒಂದೊಂದರಲ್ಲಿ 67 ಮಾತ್ರ. ಸರಿಯಾಗಿ 67ಕ್ಕೆ ಕತ್ತರಿಸಿದರೆ ಮೊದಲ ತುಂಡು ‘ಹೂವಿನ ಹಾರ ಮರೆ’ ಅಂತ ನಿಲ್ಲುತ್ತದೆ, ಎರಡನೆಯದರಲ್ಲಿ ‘ಯಬೇಡಿ’ ಅಂತ ಬರುತ್ತದೆ. ಪಡೆದ ಫೋನು ಎರಡನ್ನೂ ಹೊಲಿದು ತೋರಿಸಬೇಕು. ದಾರಿಯಲ್ಲಿ ಒಂದು ತಡವಾದರೆ ಅಥವಾ ಜೋಡಿಸುವ ಗುರುತು ಕಳೆದುಹೋದರೆ ನಿಮಗಾಗುವ ಹಂಗೇ ಹಿಂದುಮುಂದು.

ಇದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೇ ಮೆಸೇಜಿನಲ್ಲಿ ಹೋಗುತ್ತದೆ. ಒಂದೊಂದು ಎಸ್‌ಎಂಎಸ್‌ಗೂ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ರೂಢಿ ಮಾಡಿಕೊಂಡರು. ಸೋಮಾರಿತನ ಅಂತ ಬೈಯುವವರಿದ್ದಾರೆ. ಕೀಲಿಮಣೆ ಇರಲಿಲ್ಲ, ಅಕ್ಷರ ಚೌಕಾಕಾರ ಡಬ್ಬಿಗಳಾಗಿ ಕಾಣುತ್ತಿದ್ದವು, ಮ್ಯಾಲೆ ದುಡ್ಡು ಬೇರೆ ಎರಡರಷ್ಟು. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಕಾಣುವ ಏರ್ಪಾಟು ಬಂದಿದ್ದೇ 2012ರಲ್ಲಿ, 4.1ರ ಜೊತೆ. ಐಫೋನಿನಲ್ಲಿ ಕನ್ನಡ ಕೀಲಿಮಣೆ ಬಂದಿದ್ದು 2017ರಲ್ಲಿ, ಐಒಎಸ್ 11ರ ಜೊತೆ. ಅಲ್ಲಿಯವರೆಗೆ ಮಂದಿ ಏನು ಮಾಡಬೇಕಿತ್ತು?

ಇನ್ನೊಂದು ಮಾತು. ಎಸ್‌ಎಂಎಸ್‌ನ ನಿಯಮದಲ್ಲೇ ಕನ್ನಡಕ್ಕೆ ಬೇರೆ ಅಕ್ಷರಪಟ್ಟಿ ಮಾಡಿಟ್ಟಿದ್ದಾರೆ. ಹಿಂದಿ, ತಮಿಳು, ತೆಲುಗು, ಮಲಯಾಳಂ ಜೊತೆಗೆ ಕನ್ನಡವೂ ಅದರಲ್ಲಿದೆ. ಅದನ್ನು ಬಳಸಿದರೆ ಕನ್ನಡಕ್ಕೂ 7 ಬಿಟ್ ಸಾಕು, ಹತ್ತಿರ ಹತ್ತಿರ ಇಂಗ್ಲಿಷಿನಷ್ಟೇ ಹಿಡಿಸುತ್ತದೆ. ಕಳಿಸುವ ಫೋನು, ಪಡೆಯುವ ಫೋನು ಎರಡೂ ಅದನ್ನು ಓದಬೇಕು. ಫೋನು ಮಾಡುವವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬರೆದಿಟ್ಟ ನಿಯಮ ಹಂಗೇ ಉಳಿಯಿತು.

ತುಂಗಾತೀರ

ಬೆಳವಲ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ಗುಂಪಿನಲ್ಲಿ ಕನ್ನಡ ಒಡೆಯುವುದಿಲ್ಲ, ಒಬ್ಬೊಬ್ಬರು ಕಳಿಸಿದಾಗ ಮಾತ್ರ ಒಡೆಯುತ್ತದೆ. ಅದು ಹೇಗೆ?

ಟವರ್‌ಕೆಲಸ

ಗುಂಪಿಗೆ ಹೋಗುವುದು ಎಂಎಂಎಸ್. ಅಲ್ಲಿ ಈ 70ರ ಗೋಡೆ ಇಲ್ಲ. ಒಬ್ಬರಿಗೆ ಬರೀ ಅಕ್ಷರ ಕಳಿಸಿದರೆ ಅದು ಎಸ್‌ಎಂಎಸ್. ಹಾಗಾಗಿ ಫೋಟೊ ಕಾಯಿಲೆ ಗುಂಪಿನಲ್ಲಿ, ಕನ್ನಡದ ಕಾಯಿಲೆ ಒಬ್ಬೊಬ್ಬರಲ್ಲಿ. ಆರ್‌ಸಿಎಸ್‌ನಲ್ಲಿ ಎರಡೂ ಇರುವುದಿಲ್ಲ.

ಬೆಳವಲ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಇಂಗ್ಲಿಷಿನಲ್ಲೇ ಬರೆದು ಕೊನೆಯಲ್ಲಿ ಒಂದು ಎಮೋಜಿ ಹಾಕಿದರೂ ಇದೇ ಕಥೆ. 160 ಇದ್ದದ್ದು 70 ಆಗುತ್ತದೆ, ಹೆಚ್ಚಿನ ಎಮೋಜಿಗಳಿಗೆ ಒಂದೊಂದಕ್ಕೇ ಕಮ್ಮಿ ಅಂದರೂ ಎರಡು ಜಾಗ ಬೇಕು. ಲೆಕ್ಕ ಇಟ್ಟು ದುಡ್ಡು ಹಿಡಿಯುವ ಪ್ಲಾನ್ ಇರುವವರು ಹುಷಾರಾಗಿರಿ.

ಕಾಫಿತೋಟ

ತಾಂತ್ರಿಕ ಮಾತು ಸರಿ. ಇಷ್ಟು ವರ್ಷ ಯಾಕೆ ಹೀಗೆ ಇಟ್ಟರು ಅನ್ನುವುದನ್ನೂ ಹೇಳಬೇಕು. ಆಂಡ್ರಾಯ್ಡ್‌ಗೂ ಐಮೆಸೇಜ್ ಕೊಡಲು ಆಪಲ್‌ಗೆ ಆಗುತ್ತಿರಲಿಲ್ಲ ಅಂತೇನಿಲ್ಲ. ಬೇಡ ಅಂತಲೇ ಬಿಟ್ಟಿದ್ದು. ಗೇಮ್ ಮಾಡುವ ಎಪಿಕ್ ಗೇಮ್ಸ್ ಕಂಪನಿ ಆಪಲ್ ಮೇಲೆ ಹಾಕಿದ ಮೊಕದ್ದಮೆಯಲ್ಲಿ, 2021ರಲ್ಲಿ, ಆಪಲ್ ಒಳಗಿನ ಇಮೇಲ್‌ಗಳು ಹೊರಬಂದವು. 2013ರಲ್ಲೇ ಆಪಲ್‌ನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಕ್ರೇಗ್ ಫೆಡರಿಗಿ ಬರೆದಿದ್ದರು: ಆಂಡ್ರಾಯ್ಡ್‌ಗೆ ಐಮೆಸೇಜ್ ಕೊಟ್ಟರೆ, ಐಫೋನ್ ಇರುವ ಮನೆಯವರು ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇರುವ ಅಡ್ಡಿ ಹೋಗಿಬಿಡುತ್ತದೆ ಅಂತ. 2016ರಲ್ಲಿ ಆಪಲ್‌ನ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಫಿಲ್ ಶಿಲ್ಲರ್ ಕೂಡ ಅದರಿಂದ ನಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚು ಅಂದಿದ್ದರು. 2022ರಲ್ಲಿ ಒಂದು ಸಭೆಯಲ್ಲಿ ಒಬ್ಬರು ಎದ್ದು ನಿಂತು, ನನ್ನ ಅಮ್ಮನಿಗೆ ವಿಡಿಯೊ ಕಳಿಸಲು ಆಗುತ್ತಿಲ್ಲ ಅಂತ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್‌ರನ್ನೇ ಕೇಳಿದರು. ಅಮ್ಮನಿಗೆ ಐಫೋನ್ ಕೊಡಿಸಿ ಅಂತ ಉತ್ತರ ಬಂತು.

ತುಂಗಾತೀರ ಅಕ್ಕ, ನಿಮ್ಮ ಗೆಳತಿಯರು ಹೇಳಿದ್ದೂ ಅದೇ ಅಲ್ವಾ? 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರವೇ ಆಪಲ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಅದರಲ್ಲಿ ಈ ಹಸಿರು ಗುಳ್ಳೆಯ ಮಾತೂ ಇದೆ. ಹೈಸ್ಕೂಲ್ ಮಕ್ಕಳು ಹಸಿರು ಗುಳ್ಳೆಯವರನ್ನು ಗುಂಪಿನಿಂದ ಹೊರಗಿಡುತ್ತಾರೆ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಆ ನೋವು ಗೊತ್ತು.

ಸೇಬಿನಮನೆ

ಕಾಫಿತೋಟ ಅವರೇ, ನೀವು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ನಾನು ಐಫೋನ್ ಬಳಸುವವಳು. ಐಮೆಸೇಜ್ ಶುರುವಿನಿಂದಲೇ ಎರಡೂ ತುದಿಗೆ ಬೀಗ ಇರುವಂಥದ್ದು. ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರೂ ಓದುವ ಹಾಗಿಲ್ಲ. ಆರ್‌ಸಿಎಸ್ ನಿಯಮದಲ್ಲಿ ಅಂಥ ಬೀಗವೇ ಇರಲಿಲ್ಲ. ಗೂಗಲ್ ತನ್ನ ಆಪ್‌ನೊಳಗೆ ಮಾತ್ರ 2021ರಿಂದ ಹಾಕಿಕೊಂಡಿತು, ಅದೂ ಎರಡೂ ಕಡೆ ಗೂಗಲ್ ಮೆಸೇಜಸ್ ಇದ್ದರೆ. ಐಒಎಸ್ 18ರಲ್ಲಿ ಆರ್‌ಸಿಎಸ್ ಬಂದಾಗ ಐಫೋನ್–ಆಂಡ್ರಾಯ್ಡ್ ನಡುವಿನ ಮಾತಿಗೆ ಬೀಗ ಇರಲಿಲ್ಲ. ಭದ್ರತೆ ಬೇಕು ಅನ್ನುವವರ ಹಟವನ್ನು ದುರಾಸೆ ಅಂತ ತಳ್ಳಿಹಾಕಬೇಡಿ.

ಕಾಫಿತೋಟ

ಮೇಡಂ, ಹಾಗಿದ್ದರೆ ಅಷ್ಟು ವರ್ಷ ಆಂಡ್ರಾಯ್ಡ್‌ನವರಿಗೆ ಎಸ್‌ಎಂಎಸ್ ಕಳಿಸಿದ್ದು ಯಾಕೆ? ಎಸ್‌ಎಂಎಸ್‌ಗೆ ಬೀಗವೂ ಇಲ್ಲ, ಬಾಗಿಲೂ ಇಲ್ಲ. ಐಫೋನ್ ಇರುವವರ ಮಾತೂ ಆ ದಾರಿಯಲ್ಲೇ ಹೋಯಿತಲ್ಲ. 2023ರ ಡಿಸೆಂಬರ್‌ನಲ್ಲಿ ಬೀಪರ್ ಮಿನಿ ಅನ್ನುವ ಆಪ್ ಬೀಗ ಇಟ್ಟುಕೊಂಡೇ ಆಂಡ್ರಾಯ್ಡ್‌ನಿಂದ ಐಮೆಸೇಜ್ ಕಳಿಸಿ ತೋರಿಸಿತು. ಕೆಲವೇ ದಿನದಲ್ಲಿ ಆಪಲ್ ಅದನ್ನು ಮುಚ್ಚಿಸಿತು. ಬಳಸುವವರ ಸುರಕ್ಷತೆಗೆ ಅಂತ ಕಾರಣ ಕೊಟ್ಟರು. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಸೇಬಿನಮನೆ

ಬೀಪರ್ ಮಿನಿ ಆಪಲ್‌ನ ಅನುಮತಿ ಇಲ್ಲದೆ ಅವರ ಸರ್ವರಿನೊಳಗೆ ಹೊಕ್ಕಿದ್ದು. ಯಾವ ಕಂಪನಿಯೂ ಸುಮ್ಮನಿರುವುದಿಲ್ಲ. ಎಸ್‌ಎಂಎಸ್ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆರ್‌ಸಿಎಸ್ ಇನ್ನೂ ಬೇಗ ಬರಬೇಕಿತ್ತು, ನಿಜ.

ಟವರ್‌ಕೆಲಸ

ಇಬ್ಬರಿಗೂ ಒಂದು ಒಳ್ಳೆಯ ಸುದ್ದಿ. 2025ರ ಮಾರ್ಚ್‌ನಲ್ಲಿ ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ ಆರ್‌ಸಿಎಸ್ ನಿಯಮದೊಳಗೇ ಎರಡು ತುದಿಯ ಬೀಗವನ್ನು ಸೇರಿಸಿತು. ಎಂಎಲ್‌ಎಸ್ ಅನ್ನುವ, ಯಾರು ಬೇಕಾದರೂ ಬಳಸಬಹುದಾದ ಪದ್ಧತಿ ಅದು. ಮುಂದಿನ ಅಪ್‌ಡೇಟ್‌ಗಳಲ್ಲಿ ತರುತ್ತೇವೆ ಅಂತ ಆಪಲ್ ಆಗಲೇ ಹೇಳಿತ್ತು. ಬೇರೆ ಬೇರೆ ಕಂಪನಿಗಳ ಫೋನುಗಳ ನಡುವೆ ಇಂಥ ಬೀಗ ಫೋನ್ ನಂಬರಿನ ಮೆಸೇಜಿಗೇ ಬರುವುದು ಬಹಳ ದೊಡ್ಡ ಮಾತು.

ಆದರೆ ಇದು ಎರಡೂ ಫೋನು, ಎರಡೂ ಮೊಬೈಲ್ ಕಂಪನಿ ಒಪ್ಪಿದರೆ ಮಾತ್ರ. ಹಾಗಾಗಿ ಚಾಟ್‌ನಲ್ಲಿ ಬೀಗದ ಗುರುತು ಕಾಣುತ್ತದಾ ನೋಡಿ. ಕಾಣದಿದ್ದರೆ ಬೀಗ ಇಲ್ಲ ಅಂತಲೇ ನಡೆದುಕೊಳ್ಳಿ. ಪಾಸ್‌ಪೋರ್ಟ್ ಫೋಟೊ, ಬ್ಯಾಂಕ್ ವಿವರ, ಸೋಷಿಯಲ್ ಸೆಕ್ಯುರಿಟಿ ನಂಬರ್ ಹಸಿರು ಗುಳ್ಳೆಯಲ್ಲಿ ಕಳಿಸಬೇಡಿ. 2024ರ ಕೊನೆಗೆ ಅಮೆರಿಕದ ಟೆಲಿಕಾಂ ಕಂಪನಿಗಳ ಒಳಗೇ ಹ್ಯಾಕರ್‌ಗಳು ಹೊಕ್ಕಿದ್ದು ಬಯಲಾಯಿತು. ಆಗ ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸಿಸಾ ಕೂಡ ಎರಡು ತುದಿಗೆ ಬೀಗ ಇರುವ ಆಪ್ ಬಳಸಿ ಅಂತ ಹೇಳಿತು.

ಕರಾವಳಿಕಡೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮ ಐಫೋನ್ ಬಿಟ್ಟು ಆಂಡ್ರಾಯ್ಡ್‌ಗೆ ಬಂದ. ನಂಬರ್ ಅದೇ. ನನ್ನ ಐಫೋನಿನಿಂದ ಕಳಿಸಿದ ಯಾವುದೂ ಅವನಿಗೆ ಹೋಗುತ್ತಿಲ್ಲ. ನನ್ನಲ್ಲಿ ನೀಲಿಯಾಗಿಯೇ ಕಾಣುತ್ತದೆ.

ಟವರ್‌ಕೆಲಸ

ಅವರ ನಂಬರ್ ಇನ್ನೂ ಐಮೆಸೇಜ್‌ನಲ್ಲಿ ನೋಂದಣಿ ಆಗಿಯೇ ಇದೆ. ನಿಮ್ಮ ಫೋನ್ ಅವರನ್ನು ಐಫೋನಿನವರು ಅಂದುಕೊಂಡಿದೆ. ಹಳೆಯ ಐಫೋನ್ ಇನ್ನೂ ಕೈಲಿದ್ದರೆ ಸಿಮ್ ಅದಕ್ಕೆ ಹಾಕಿ, ಮೆಸೇಜಸ್ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜ್ ಆಫ್ ಮಾಡಲಿ. ಮಾರಿಬಿಟ್ಟಿದ್ದರೆ ಆಪಲ್ ವೆಬ್‌ಸೈಟಿನಲ್ಲಿ ನಂಬರ್ ತೆಗೆಸುವ ಪುಟ ಇದೆ, 2014ರಿಂದ ಇದೆ. ನಂಬರ್ ಕೊಟ್ಟರೆ ಒಂದು ಕೋಡ್ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ಫೋನ್ ಬದಲಿಸುವವರು ಇದನ್ನು ಮೊದಲೇ ಮಾಡಿಕೊಂಡರೆ ಯಾರ ಮೆಸೇಜೂ ತಪ್ಪುವುದಿಲ್ಲ.

ಹಳೇಮೈಸೂರು

ಇದಕ್ಕೆ ಸಂಬಂಧಿಸಿದ್ದೇ ಒಂದು. ಇಂಡಿಯಾದಲ್ಲಿ ಹೊಸ ಐಫೋನಿಗೆ ಪ್ರೀಪೇಯ್ಡ್ ಸಿಮ್ ಹಾಕಿದರೆ ಸ್ವಲ್ಪ ಬ್ಯಾಲೆನ್ಸ್ ಕಡಿತ ಆಗುತ್ತದೆ. ನಮ್ಮ ಕಡೆ ಎಷ್ಟೋ ಜನ ಇದು ಮೋಸ ಅಂದುಕೊಳ್ಳುತ್ತಾರೆ. ಐಮೆಸೇಜ್ ಶುರುವಾಗಲು ಫೋನು ತಾನೇ ಒಂದು ಎಸ್‌ಎಂಎಸ್ ಕಳಿಸುತ್ತದೆ, ಅದು ಬ್ರಿಟನ್ನಿನ ನಂಬರಿಗೆ ಹೋಗುತ್ತದೆ, ಹಾಗಾಗಿ ವಿದೇಶಿ ದರ. ಬ್ಯಾಲೆನ್ಸ್ ಇಲ್ಲದಿದ್ದರೆ ನೋಂದಣಿ ಆಗದೆ ಕಾಯುತ್ತಲೇ ಕೂರುತ್ತದೆ. ಅಪ್ಪ ಅಮ್ಮನಿಗೆ ಐಫೋನ್ ಕಳಿಸಿಕೊಡುವವರು ಮುಖ್ಯ ಬ್ಯಾಲೆನ್ಸ್‌ಗೆ ಒಂದಿಷ್ಟು ದುಡ್ಡು ಹಾಕಿಸಿ. ಅನ್‌ಲಿಮಿಟೆಡ್ ಪ್ಯಾಕ್ ಇದಕ್ಕೆ ಬರುವುದಿಲ್ಲ.

ತುಂಗಾತೀರ

ಎಲ್ಲರಿಗೂ ಸುದ್ದಿ ಹೇಳಬೇಕು ಅಂತ ಬಂದೆ. ಟವರ್‌ಕೆಲಸ ಸರ್ ಹೇಳಿದ ಹಾಗೆ ಗೂಗಲ್ ಮೆಸೇಜಸ್ ಹಾಕಿಕೊಂಡೆ, ಆರ್‌ಸಿಎಸ್ ಆನ್ ಮಾಡಿದೆ. ಮೂವರು ಗೆಳತಿಯರ ಐಫೋನಿನಲ್ಲಿ ಅದು ಆಫ್ ಇತ್ತು, ಆನ್ ಮಾಡಿಸಿದೆ. ಈಗ ಒಬ್ಬೊಬ್ಬರು ಕಳಿಸುವ ಕನ್ನಡ ಪೂರ್ತಿಯಾಗಿ, ಒಂದೇ ಗುಳ್ಳೆಯಲ್ಲಿ ಬರುತ್ತಿದೆ. ಬೆಳವಲ ಅವರ ಹೂವಿನ ಹಾರದ ಮೆಸೇಜನ್ನೇ ಕಳಿಸಿ ನೋಡಿದೆವು!

ಗುಂಪು ಮಾತ್ರ ಸರಿಹೋಗಲಿಲ್ಲ. ಹೊಸದಾಗಿ ಮಾಡಿದರೂ ಎಂಎಂಎಸ್ ಅಂತಲೇ ತೋರಿಸುತ್ತಿದೆ. ಒಬ್ಬೊಬ್ಬರನ್ನೇ ತೆಗೆದು ನೋಡಿದಾಗ ಗೊತ್ತಾಯಿತು, ನಮ್ಮ ಹಿರಿಯ ಸದಸ್ಯರೊಬ್ಬರ ಫೋನ್ ಕಾರಣ. ಅವರದ್ದು ಐಫೋನ್ 8. ಅಪ್‌ಡೇಟ್ ಮಾಡಿ ಅಂದರೆ ಬರುತ್ತಿಲ್ಲ ಅನ್ನುತ್ತಾರೆ.

ಟವರ್‌ಕೆಲಸ

ಬರುವುದಿಲ್ಲ. ಐಒಎಸ್ 18 ಹಾಕಲು 2018ರ ಎಕ್ಸ್‌ಎಸ್, ಎಕ್ಸ್‌ಆರ್ ಅಥವಾ ಆಮೇಲಿನ ಫೋನ್ ಬೇಕು. ಐಫೋನ್ 8 ಅದಕ್ಕೂ ಹಿಂದಿನದು.

ಸೇಬಿನಮನೆ

ಅವರಿಗೂ ‘ಹೊಸ ಫೋನ್ ತಗೊಳ್ಳಿ’ ಅನ್ನಬೇಡಿ ದಯವಿಟ್ಟು. ಫೋಟೊವನ್ನು ಮೆಸೇಜಿನಲ್ಲಿ ಅಂಟಿಸುವ ಬದಲು ಗೂಗಲ್ ಫೋಟೋಸ್‌ನಲ್ಲೋ ಐಕ್ಲೌಡ್‌ನಲ್ಲೋ ಒಂದು ಆಲ್ಬಮ್ ಮಾಡಿ, ಲಿಂಕ್ ಮಾತ್ರ ಕಳಿಸಿ. ಲಿಂಕ್ ಎಂಎಂಎಸ್‌ನಲ್ಲೂ ಕೆಡುವುದಿಲ್ಲ, ಒತ್ತಿದರೆ ಪೂರ್ತಿ ಫೋಟೊ ತೆರೆಯುತ್ತದೆ.

ತುಂಗಾತೀರ

ಛೇ, ಅವರಿಗೆ ಹಾಗೆ ಹೇಳುತ್ತೇವಾ! ಕೂಟ ಶುರುವಾದಾಗಿನಿಂದ ಅಡುಗೆಯ ಉಸ್ತುವಾರಿ ಅವರದ್ದೇ. ಗುಂಪು ಹಾಗೇ ಇರಲಿ, ಅವರನ್ನು ಬಿಟ್ಟು ಬೇರೆ ಗುಂಪು ಮಾಡುವುದಿಲ್ಲ. ಆಲ್ಬಮ್ ಇವತ್ತೇ ಮಾಡಿ ಲಿಂಕ್ ಹಾಕುತ್ತೇನೆ. ಬ್ಯಾನರಿನ ಫೋಟೊ ಅದರಲ್ಲಿ ಸರಿಯಾಗಿ ಕಂಡರೆ ಒತ್ತಕ್ಷರ ನೋಡಿ ನಾಳೆಯೇ ಪ್ರಿಂಟ್‌ಗೆ ಕೊಡುತ್ತೇವೆ.